ಸೋಲುತ್ತಿರುವ ಕಾಲೇಜು ಫುಟ್‌ಬಾಲ್ ತಂಡದ ತರಬೇತುದಾರರನ್ನು ಬದಲಿಸಬೇಕೇ? ಕ್ರೀಡಾ ಸಮಿತಿಗೊಂದು ಕೈಪಿಡಿ

ಅಂತರ ಕಾಲೇಜು ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತು ತಂಡ ಮರಳಿದ ಮರುದಿನ ಪ್ರಾಚಾರ್ಯರ ಕೊಠಡಿಯಲ್ಲಿ ಒಂದು ಸಭೆ ಸೇರುತ್ತದೆ. ಆ ಸಭೆಯಲ್ಲಿ ಫುಟ್‌ಬಾಲ್ ತಿಳಿಯದವರು ಯಾರೂ ಇರುವುದಿಲ್ಲ, ಆದರೆ ಸೋತ ಪಂದ್ಯವನ್ನು ಕಣ್ಣಾರೆ ಕಂಡವರು ಹೆಚ್ಚೆಂದರೆ ಇಬ್ಬರು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳಲ್ಲೂ ಕಾಲೇಜು ತರಬೇತುದಾರರ ಹಣೆಬರಹ ಬಹುಮಟ್ಟಿಗೆ ಇಂಥ ಸಭೆಗಳಲ್ಲೇ ಬರೆಯಲ್ಪಡುತ್ತದೆ. ನಾನು ಕರಾವಳಿಯ ಒಂದು ಕಾಲೇಜಿನ ಕ್ರೀಡಾ ಸಮಿತಿಯಲ್ಲಿ ಆರು ವರ್ಷ ಇದ್ದವನು. ಇಂಥದೇ ಒಂದು ಸಭೆಯಲ್ಲಿ ಕೈ ಎತ್ತಿ ಒಬ್ಬ ತರಬೇತುದಾರರನ್ನು ಮನೆಗೆ ಕಳಿಸಿದವರಲ್ಲಿ ನಾನೂ ಒಬ್ಬ. ಅದು ಏಕೆ ತಪ್ಪಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಸಮಿತಿಯಲ್ಲಿರುವ ಅಧ್ಯಾಪಕರು, ಆಡಳಿತ ಮಂಡಳಿಯ ಸದಸ್ಯರು ಮತ್ತು ಹಳೆಯ ವಿದ್ಯಾರ್ಥಿಗಳು ಆ ತಪ್ಪನ್ನು ಮಾಡದೆ ಈ ಪ್ರಶ್ನೆಯನ್ನು ಹೇಗೆ ಬಿಡಿಸಬಹುದೆಂಬುದಷ್ಟೇ ಈ ಬರಹದ ವಿಷಯ.

ಮೊದಲು ದಿನಾಂಕ ನಿಗದಿ ಮಾಡಿ

ಸೋತ ವಾರದಲ್ಲಿ ತೀರ್ಮಾನ ಬೇಡ. ಪಂದ್ಯಾವಳಿ ಮುಗಿದು ಕನಿಷ್ಠ ಮೂರು ವಾರ ಕಳೆದ ಮೇಲಿನ ಒಂದು ದಿನವನ್ನು ಗೊತ್ತು ಮಾಡಿ, ಅದನ್ನು ತರಬೇತುದಾರರಿಗೂ ಲಿಖಿತವಾಗಿ ತಿಳಿಸಿ. ಅಂತರ ಕಾಲೇಜು ಪಂದ್ಯಗಳು ಸಾಮಾನ್ಯವಾಗಿ ನಾಕ್‌ಔಟ್ ಮಾದರಿಯವು. ಒಂದು ತಪ್ಪು ಪಾಸ್, ಒಂದು ಪೆನಾಲ್ಟಿ, ಕೆಸರಿನಲ್ಲಿ ಜಾರಿದ ಒಬ್ಬ ಗೋಲ್‌ಕೀಪರ್, ಇಷ್ಟರಲ್ಲಿ ಇಡೀ ವರ್ಷ ಮುಗಿದುಹೋಗುತ್ತದೆ. ತೊಂಬತ್ತು ನಿಮಿಷದಲ್ಲಿ ಒಂದೋ ಎರಡೋ ಗೋಲು ಬೀಳುವ ಆಟದಲ್ಲಿ ಅದೃಷ್ಟದ ಪಾಲು, ಐವತ್ತು ಅಂಕಗಳವರೆಗೆ ಸಾಗುವ ಕಬಡ್ಡಿಯಲ್ಲಿ ಇರುವುದಕ್ಕಿಂತ ಬಹಳ ದೊಡ್ಡದು. ಆದ್ದರಿಂದ ಒಂದು ವರ್ಷದ ಫಲಿತಾಂಶವನ್ನು ಮಾತ್ರ ನೋಡಿ ತರಬೇತುದಾರರ ಯೋಗ್ಯತೆಯನ್ನು ಅಳೆಯಲು ಹೊರಡುವುದು ಒಂದೇ ಅಡಿಕೆ ಒಡೆದು ಇಡೀ ಮೂಟೆಗೆ ದರ ಕಟ್ಟಿದಂತೆ.

ಎರಡನೆಯದಾಗಿ, ನೀವು ಯಾರ ಬಗ್ಗೆ ತೀರ್ಮಾನಿಸುತ್ತಿದ್ದೀರಿ ಎಂಬುದು ಸ್ಪಷ್ಟವಾಗಬೇಕು. ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡವನ್ನು ನೋಡಿಕೊಳ್ಳುವವರು ದೈಹಿಕ ಶಿಕ್ಷಣ ನಿರ್ದೇಶಕರು. ಅವರಿಗೆ ವಾಲಿಬಾಲ್, ಕಬಡ್ಡಿ, ಅಥ್ಲೆಟಿಕ್ಸ್ ತಂಡಗಳೂ ಇವೆ, ವಾರ್ಷಿಕ ಕ್ರೀಡಾಕೂಟವೂ ಇದೆ, ಪರೀಕ್ಷಾ ಮೇಲ್ವಿಚಾರಣೆಯೂ ಇದೆ. ಅವರು ಖಾಯಂ ನೌಕರರಾಗಿದ್ದರೆ, ತಂಡ ಸೋತಿತೆಂಬ ಕಾರಣಕ್ಕೆ ನೌಕರಿಯಿಂದ ತೆಗೆಯುವ ಮಾತೇ ಏಳುವುದಿಲ್ಲ. ಖಾಸಗಿ ಆಡಳಿತದ ಸಂಸ್ಥೆಯಲ್ಲೂ ವಿಚಾರಣೆ ನಡೆಸದೆ ವಜಾ ಮಾಡುವುದಕ್ಕೆ 1975ರ ಕರ್ನಾಟಕ ಖಾಸಗಿ ಶಿಕ್ಷಣ ಸಂಸ್ಥೆಗಳ (ಶಿಸ್ತು ಮತ್ತು ನಿಯಂತ್ರಣ) ಕಾಯ್ದೆ ಅಡ್ಡ ನಿಲ್ಲುತ್ತದೆ. ಅಲ್ಲಿ ಇರುವ ಪ್ರಶ್ನೆ ಫುಟ್‌ಬಾಲ್ ತಂಡದ ಹೊಣೆಯನ್ನು ಬೇರೆಯವರಿಗೆ ಕೊಡಬೇಕೇ ಎಂಬುದು ಮಾತ್ರ. ಗೌರವಧನದ ಮೇಲೆ ಸಂಜೆ ಬಂದು ಹೋಗುವ ಹೊರಗಿನ ತರಬೇತುದಾರರ ವಿಷಯ ಬೇರೆ. ಅವರ ಒಪ್ಪಂದ ಒಂದು ವರ್ಷದ್ದು, ಎಷ್ಟೋ ಕಡೆ ಬಾಯಿಮಾತಿನದು. ಅವರನ್ನು ಕಳಿಸುವುದು ಸುಲಭ, ಹಾಗೆ ಸುಲಭವಾಗಿರುವುದರಿಂದಲೇ ಹೆಚ್ಚು ಎಚ್ಚರ ಬೇಕು.

ಕೊಟ್ಟದ್ದೇನು ಎಂಬ ಲೆಕ್ಕ

ತರಬೇತುದಾರರು ಏನು ಮಾಡಿದರು ಎಂದು ಕೇಳುವ ಮೊದಲು, ಕಾಲೇಜು ಅವರಿಗೆ ಏನು ಕೊಟ್ಟಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಗಾದೆಯನ್ನು ಈ ಹಂತದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಹೊಸ ವರ್ಷದ ತಂಡವನ್ನು ಕಟ್ಟಬೇಕಾದ ಕಾಲವೂ ಅದೇ. ಆ ನಾಲ್ಕು ತಿಂಗಳಲ್ಲಿ ಎಷ್ಟು ದಿನ ಮೈದಾನದಲ್ಲಿ ಚೆಂಡು ಉರುಳಿತು, ಉಳಿದ ದಿನಗಳಲ್ಲಿ ಕಾಲೇಜಿನ ಸಭಾಭವನವನ್ನಾದರೂ ವ್ಯಾಯಾಮಕ್ಕೆ ಬಿಟ್ಟುಕೊಡಲಾಯಿತೇ, ಕಾರವಾರದ ತಂಡವಾದರೆ ಮಾಲಾದೇವಿ ಮೈದಾನ ವಾರಕ್ಕೆ ಎಷ್ಟು ಸಂಜೆ ಸಿಕ್ಕಿತು, ಈ ಮೂರಕ್ಕೂ ಉತ್ತರ ಹಾಜರಿ ಪುಸ್ತಕದಿಂದ ಬರಬೇಕೇ ಹೊರತು ನೆನಪಿನಿಂದಲ್ಲ.

ಕೆಲವು ವರ್ಷಗಳು ವರ್ಷಗಳೇ ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆಯಿತು. ಅದರ ಬೆನ್ನಿಗೆ ಆಗಸ್ಟ್ 7ರ ಬೆಳಗಿನ ಜಾವ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಆ ಮಳೆಗಾಲದಲ್ಲಿ ಹೊಳೆಯ ಆಚೆ ದಡದ ಹುಡುಗರು ಸಂಜೆಯ ತಾಲೀಮಿಗೆ ನಿಂತು ಹೊತ್ತು ಮುಳುಗಿದ ಮೇಲೆ ಮನೆ ಸೇರಬೇಕೆಂದು ಯಾವ ತರಬೇತುದಾರರು ತಾನೇ ಒತ್ತಾಯಿಸಬಲ್ಲರು? ಅಂಥ ವರ್ಷದ ಸೋಲನ್ನು ಲೆಕ್ಕದಿಂದ ಪೂರ್ತಿ ಕೈಬಿಡಬೇಕೆಂದಲ್ಲ, ಬೇರೆ ಶಾಯಿಯಲ್ಲಿ ಬರೆದಿಡಬೇಕು.

ಆಟಗಾರರು ಎಲ್ಲಿಂದ ಬರುತ್ತಾರೆ ಎಂಬುದೂ ಈ ಹಾಳೆಯಲ್ಲಿರಬೇಕು. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆ ಅರವತ್ತೊಂದು ದಿನ ಮೀನುಗಾರ ಕುಟುಂಬಗಳ ಹುಡುಗರು ತಪ್ಪದೆ ಮೈದಾನಕ್ಕೆ ಬರುತ್ತಾರೆ, ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದೊಡನೆ ಅವರಲ್ಲಿ ಅರ್ಧ ಮಂದಿ ಬೆಳಗಿನ ಜಾವ ಬಂದರಿನಲ್ಲಿರುತ್ತಾರೆ. ಶಿರಸಿ ಕಡೆಯ ಕಾಲೇಜುಗಳಲ್ಲಿ ಇದೇ ತೊಡಕು ಅಡಿಕೆ ಕೊಯ್ಲಿನ ಹೊತ್ತಿಗೆ ತಲೆದೋರುತ್ತದೆ. ಪೋಳೆ ಗಡಿ ದಾಟಿದರೆ ಗೋವಾ, ಅಲ್ಲಿ ಫುಟ್‌ಬಾಲೇ ರಾಜ್ಯ ಕ್ರೀಡೆ. ಭಾನುವಾರ ಆ ಕಡೆಯ ಊರ ಪಂದ್ಯಗಳಲ್ಲಿ ಆಡಿ ಸೋಮವಾರ ಕುಂಟುತ್ತ ತರಗತಿಗೆ ಬರುವ ಹುಡುಗರನ್ನು ನಾನು ಕಂಡಿದ್ದೇನೆ. ಇವನ್ನು ತರಬೇತುದಾರರು ತಡೆಯಬಲ್ಲರೇ ಎಂಬುದಕ್ಕಿಂತ, ತಾಲೀಮಿನ ಹೊತ್ತನ್ನು ಇವುಗಳಿಗೆ ತಕ್ಕಂತೆ ಹೊಂದಿಸಿಕೊಂಡರೇ ಎಂಬುದು ನ್ಯಾಯವಾದ ಪ್ರಶ್ನೆ. ಮೀನುಗಾರಿಕೆ ಶುರುವಾಗುವುದು ಪ್ರತಿ ವರ್ಷವೂ ಆಗಸ್ಟ್ 1ಕ್ಕೇ. ಮೂರನೆಯ ವರ್ಷವೂ ಅದು ಅನಿರೀಕ್ಷಿತವಾಗಿ ಬಂದೆರಗಿತೆಂದು ಹೇಳುವ ತರಬೇತುದಾರರ ಬಗ್ಗೆ ಸಮಿತಿ ಸಂಶಯಪಡಬಹುದು.

ನಮ್ಮ ತಪ್ಪು ಇಲ್ಲೇ ಆದದ್ದು. ಎರಡು ವರ್ಷ ಸತತ ಸೋತ ತಂಡದ ತರಬೇತುದಾರರನ್ನು ನಾವು ಒಂದೇ ಸಂಜೆಯಲ್ಲಿ ಬಿಡಿಸಿದೆವು. ತಿಂಗಳುಗಳ ಬಳಿಕ, ಬೇರೊಂದು ಕೆಲಸಕ್ಕೆಂದು ಹಳೆಯ ಹಾಜರಿ ಪುಸ್ತಕವನ್ನು ತಿರುವುತ್ತಿದ್ದಾಗ, ಕೊನೆಯ ಪಂದ್ಯದಲ್ಲಿ ಕಣಕ್ಕಿಳಿದಿದ್ದ ಹನ್ನೊಂದು ಜನರಲ್ಲಿ ಏಳು ಮಂದಿ ಮೊದಲ ವರ್ಷದವರೆಂಬುದು ಕಣ್ಣಿಗೆ ಬಿತ್ತು. ಮೂರು ವರ್ಷದ ಪದವಿಯಲ್ಲಿ ಪ್ರತಿ ವರ್ಷ ತಂಡದ ಮೂರನೇ ಒಂದು ಪಾಲು ಹೊರಟುಹೋಗುತ್ತದೆ. ಆ ವರ್ಷ ಅದಕ್ಕಿಂತ ಹೆಚ್ಚು ಮಂದಿ ಹೋಗಿದ್ದರು, ಆತ ಹೊಸ ಹುಡುಗರನ್ನು ಬೆಳೆಸುತ್ತಿದ್ದರು. ಅದೇ ಏಳು ಮಂದಿ ಅಂತಿಮ ವರ್ಷಕ್ಕೆ ಬಂದಾಗ ತಂಡ ಸೆಮಿಫೈನಲ್ ತಲುಪಿತು. ಕಾಲೇಜಿನ ಸನ್ಮಾನ ಸಮಾರಂಭದಲ್ಲಿ ಶಾಲು ಹೊದೆಸಿದ್ದು ಹೊಸ ತರಬೇತುದಾರರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದರ ಜೊತೆಗೆ, ಎತ್ತು ಉತ್ತದ್ದಕ್ಕೆ ಎಮ್ಮೆಗೆ ಹಾರ ಎಂದೂ ಸೇರಿಸಬೇಕೇನೋ.

ಪಂದ್ಯವನ್ನು ಓದುವುದು

ಗೆಲುವು ಸೋಲುಗಳ ಪಟ್ಟಿ ಒಂದು ಸಾಲಿನಲ್ಲಿ ಮುಗಿಯುತ್ತದೆ, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ತಂಡದ ಜೊತೆ ಹೋಗುವ ಒಬ್ಬ ವಿದ್ಯಾರ್ಥಿಗೆ ನೋಟುಪುಸ್ತಕ ಕೊಟ್ಟು ಪ್ರತಿ ಪಂದ್ಯದಲ್ಲೂ ಕೆಲವೇ ಸಂಗತಿಗಳನ್ನು ಗುರುತು ಹಾಕಿಸಿದರೆ, ಸ್ನೇಹಪಂದ್ಯಗಳೂ ಸೇರಿ ಎಂಟು ಹತ್ತು ಪಂದ್ಯಗಳಾಗುವಷ್ಟರಲ್ಲಿ ಚಿತ್ರ ಮೂಡುತ್ತದೆ. ಎದುರಾಳಿಯ ಗೋಲಿನತ್ತ ನಮ್ಮವರು ಎಷ್ಟು ಸಲ ನೇರವಾಗಿ ಹೊಡೆದರು, ನಮ್ಮ ಗೋಲಿನತ್ತ ಅವರು ಎಷ್ಟು ಸಲ ಹೊಡೆದರು ಎಂಬುದು ಮೊದಲನೆಯದು. ಹೊಡೆತಗಳ ಲೆಕ್ಕದಲ್ಲಿ ಸರಿಸಮನಾಗಿದ್ದೂ ಗೋಲಿನ ಲೆಕ್ಕದಲ್ಲಿ ಸೋತ ತಂಡ ಬಹುತೇಕ ಮುಂದಿನ ವರ್ಷ ತಾನಾಗಿಯೇ ಮೇಲೇಳುತ್ತದೆ.

ನಮ್ಮ ಮೇಲೆ ಬಿದ್ದ ಗೋಲುಗಳು ಯಾವ ನಿಮಿಷದಲ್ಲಿ ಬಿದ್ದವು ಎಂಬುದು ಎರಡನೆಯದು. ಎಪ್ಪತ್ತೈದನೇ ನಿಮಿಷದ ಬಳಿಕ ಮತ್ತೆ ಮತ್ತೆ ಗೋಲು ಬಿದ್ದಿದ್ದರೆ ಹುಡುಗರ ದಮ್ಮು ಸಾಲುತ್ತಿಲ್ಲ, ಅಥವಾ ಬದಲಿ ಆಟಗಾರರನ್ನು ಹೊತ್ತಿಗೆ ಸರಿಯಾಗಿ ಇಳಿಸುತ್ತಿಲ್ಲ. ಎರಡೂ ತರಬೇತುದಾರರ ಹೊಣೆ. ಕಾರ್ನರ್ ಮತ್ತು ಫ್ರೀಕಿಕ್‌ಗಳಿಂದ ಒಂದೇ ಬಗೆಯ ಗೋಲು ಪಂದ್ಯದಿಂದ ಪಂದ್ಯಕ್ಕೆ ಬೀಳುತ್ತಿದ್ದರೆ ಅದಂತೂ ಕ್ಷಮಿಸಲಾಗದ್ದು, ಏಕೆಂದರೆ ಯಾರು ಯಾರನ್ನು ಕಾಯಬೇಕೆಂದು ಹೇಳಿಕೊಡಲು ದೊಡ್ಡ ಮೈದಾನವೂ ಬೇಡ, ಬಿಸಿಲೂ ಬೇಡ. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ 150 ಕಿಲೋಮೀಟರ್‌ಗೂ ಮಿಕ್ಕಿದ ದಾರಿಯನ್ನು ಬೆಳಗಿನ ಜಾವ ಕ್ರಮಿಸಿ ಧಾರವಾಡದಲ್ಲಿ ಹತ್ತು ಗಂಟೆಗೆ ಆಡಿದ ಪಂದ್ಯದ ಮೊದಲ ಅರ್ಧ ಗಂಟೆಯನ್ನು ಮಾತ್ರ ಸ್ವಲ್ಪ ಕರುಣೆಯಿಂದ ನೋಡಿ. ಹಿಂದಿನ ದಿನವೇ ಹೋಗಿ ತಂಗಲು ಕಾಲೇಜು ಹಣ ಕೊಡದಿದ್ದರೆ ಆ ಗೋಲು ಸಮಿತಿಯ ಖಾತೆಗೆ.

ಆಟಗಾರರನ್ನು ಕೇಳುವ ರೀತಿ

ಸಮಿತಿಗಳು ನಾಯಕನೊಬ್ಬನನ್ನು ಕರೆದು, ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ, “ಏನಪ್ಪಾ, ಸರ್ ಹೇಗೆ ಹೇಳಿಕೊಡ್ತಾರೆ?” ಎಂದು ಕೇಳುತ್ತವೆ. ಅವನು “ಚೆನ್ನಾಗಿ ಹೇಳಿಕೊಡ್ತಾರೆ ಸರ್” ಎನ್ನುತ್ತಾನೆ, ಅಥವಾ ಸಭೆಯ ಮುಖ ನೋಡಿ ಅದಕ್ಕೆ ಬೇಕಾದ ಉತ್ತರ ಕೊಡುತ್ತಾನೆ. ಎರಡರಿಂದಲೂ ಪ್ರಯೋಜನವಿಲ್ಲ. ನಾಯಕನೂ ಕಾಯಂ ಹನ್ನೊಂದರಲ್ಲಿರುವವರೂ ತರಬೇತುದಾರರ ಕೃಪೆಗೆ ಪಾತ್ರರಾದವರು. ಬೆಂಚಿನ ಮೇಲೆ ಕುಳಿತವರನ್ನು ಕೇಳಬೇಕು. ಅದಕ್ಕಿಂತ ಮುಖ್ಯವಾಗಿ, ಮಧ್ಯದಲ್ಲಿ ತಂಡ ಬಿಟ್ಟವರನ್ನು ಹುಡುಕಿ ಕೇಳಬೇಕು. ಬಿಟ್ಟವರಲ್ಲಿ ಬಹುಪಾಲು ಜನ ಓದು, ಮನೆಗೆಲಸ ಅಥವಾ ಬಸ್ಸಿನ ಹೊತ್ತಿನ ಕಾರಣ ಕೊಟ್ಟರೆ ಅದು ಒಂದು ಮಾತು. ಮೂವರು ನಾಲ್ವರು ಬೇರೆ ಬೇರೆಯಾಗಿ ಕುಳಿತು, ಹಂಗಿಸುವ ಮಾತನ್ನೋ ಜಾತಿ ಭಾಷೆ ನೋಡಿ ಆರಿಸಿದ್ದನ್ನೋ ಹೇಳಿದರೆ ಅದು ಬೇರೆಯೇ ಮಾತು. ಕನ್ನಡ, ಕೊಂಕಣಿ, ನವಾಯತಿ ಮಾತಾಡುವ ಹುಡುಗರು ಒಂದೇ ತಂಡದಲ್ಲಿರುವ ಜಿಲ್ಲೆ ನಮ್ಮದು. ಆ ಹುಡುಗರು ಊಟಕ್ಕೆ ಹೇಗೆ ಗುಂಪಾಗಿ ಕೂರುತ್ತಾರೆಂದು ದೂರದಿಂದ ಒಮ್ಮೆ ನೋಡಿದರೆ ತಂಡ ಎಷ್ಟರ ಮಟ್ಟಿಗೆ ತಂಡವಾಗಿದೆ ಎಂಬುದು ಗೊತ್ತಾಗುತ್ತದೆ.

ಕೇಳುವ ಪ್ರಶ್ನೆ ತರಬೇತುದಾರರ ಬಗ್ಗೆ ಇರಬಾರದು, ಆಟದ ಬಗ್ಗೆ ಇರಬೇಕು. “ಈ ಮೂರು ತಿಂಗಳಲ್ಲಿ, ಮೊದಲು ಬಾರದಿದ್ದ ಯಾವುದು ನಿನಗೆ ಈಗ ಬರುತ್ತದೆ?” ಎಂದು ಒಬ್ಬೊಬ್ಬರನ್ನೂ ಕೇಳಿ. ಎಡಗಾಲಿನಿಂದ ಪಾಸ್ ಮಾಡಲು ಬಂತು, ಬೆನ್ನ ಹಿಂದಿನ ಆಟಗಾರನನ್ನು ತಿರುಗಿ ನೋಡುವ ಅಭ್ಯಾಸವಾಯಿತು ಎಂಬಂಥ ಖಚಿತ ಉತ್ತರಗಳು ಐದಾರು ಮಂದಿಯಿಂದ ಬಂದರೆ, ಆ ತರಬೇತುದಾರರು ಎಷ್ಟೇ ಪಂದ್ಯ ಸೋತಿರಲಿ, ಅವರನ್ನು ಉಳಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡು “ಓಡಿಸ್ತಾರೆ ಸರ್, ಆಮೇಲೆ ಮ್ಯಾಚ್ ಆಡಿಸ್ತಾರೆ” ಎಂದರೆ, ಆ ತಂಡ ಗೆದ್ದಿದ್ದರೂ ಅದು ಹುಡುಗರು ಊರ ಮೈದಾನದಿಂದ ಹೊತ್ತು ತಂದ ಗೆಲುವು.

ಬದಲಿಸಿದರೆ ಬರುವವರು ಯಾರು

ಅಮೆರಿಕದ ಕಾಲೇಜು ಫುಟ್‌ಬಾಲ್, ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡುವ ಅವರ ಆಟ, ಈ ಪ್ರಶ್ನೆಗೆ ಜಗತ್ತಿನಲ್ಲೇ ದೊಡ್ಡ ಪ್ರಯೋಗಶಾಲೆ. ಅಲ್ಲಿ ಪ್ರತಿ ವರ್ಷವೂ ಹತ್ತಾರು ತರಬೇತುದಾರರು ಮನೆಗೆ ಹೋಗುತ್ತಾರೆ. 1997ರಿಂದ 2010ರವರೆಗಿನ ಫಲಿತಾಂಶಗಳನ್ನು ಮೂವರು ಸಂಶೋಧಕರು ಅಭ್ಯಾಸ ಮಾಡಿ, ತರಬೇತುದಾರರನ್ನು ಬದಲಿಸಿದ ತಂಡಗಳನ್ನು ಅಷ್ಟೇ ಕಳಪೆಯಾಗಿ ಆಡಿಯೂ ಬದಲಿಸದಿದ್ದ ತಂಡಗಳೊಡನೆ ಹೋಲಿಸಿದರು. ತೀರಾ ಕೆಳಗಿದ್ದ ತಂಡಗಳಲ್ಲಿ ಬದಲಾವಣೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಮಧ್ಯಮ ಮಟ್ಟದ ತಂಡಗಳು ಬದಲಿಸಿದ ಮೇಲೆ ಇನ್ನಷ್ಟು ಕುಸಿದವು. ತೀರಾ ಕೆಟ್ಟ ವರ್ಷದ ಮರುವರ್ಷ ತರಬೇತುದಾರರು ಬದಲಾಗಲಿ ಬಿಡಲಿ ತಂಡ ಸ್ವಲ್ಪ ಮೇಲೇರುವುದೇ ಹೆಚ್ಚು, ಆ ಏರಿಕೆಯ ಕೀರ್ತಿ ಹೊಸಬರ ಪಾಲಿಗೆ ಬರುತ್ತದೆ, ಅಷ್ಟೆ. ನಮ್ಮ ಸಮಾರಂಭದ ಶಾಲಿನ ಕಥೆಯೂ ಇದೇ.

ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಬೀಮರ್ 1987ರಲ್ಲಿ ಹೊಣೆ ವಹಿಸಿಕೊಂಡರು. ಆರನೆಯ ವರ್ಷವಾದ 1992ರಲ್ಲಿ ಅವರ ತಂಡ ಹನ್ನೊಂದು ಪಂದ್ಯಗಳಲ್ಲಿ ಗೆದ್ದದ್ದು ಎರಡು ಮಾತ್ರ. ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು, ಆದರೆ ಸಹಾಯಕ ತರಬೇತುದಾರರ ಬಳಗದಲ್ಲಿ ಬದಲಾವಣೆಗಳಾದವು. ಮರುವರ್ಷ ತಂಡ ಒಂಬತ್ತು ಪಂದ್ಯ ಗೆದ್ದಿತು, 1999ರ ಋತುವಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಂದ್ಯ ತಲುಪಿತು, ಬೀಮರ್ 2015ರವರೆಗೂ ಅಲ್ಲೇ ಇದ್ದರು. ಇದಕ್ಕೆ ತದ್ವಿರುದ್ಧವಾಗಿ ನೆಬ್ರಾಸ್ಕಾ ವಿಶ್ವವಿದ್ಯಾಲಯ 2003ರಲ್ಲಿ ಹನ್ನೆರಡರಲ್ಲಿ ಒಂಬತ್ತು ಗೆದ್ದ ಫ್ರಾಂಕ್ ಸೋಲಿಚ್ ಅವರನ್ನು ಇನ್ನೂ ಉತ್ತಮರು ಬೇಕೆಂದು ತೆಗೆದುಹಾಕಿತು. ಮರುವರ್ಷ ಹೊಸಬರ ಕೈಯಲ್ಲಿ ಆ ತಂಡ ಗೆದ್ದದ್ದಕ್ಕಿಂತ ಹೆಚ್ಚು ಸೋತಿತು, 1961ರ ಬಳಿಕ ಅಲ್ಲಿ ಹಾಗಾದದ್ದು ಅದೇ ಮೊದಲು. ಬೀಮರ್ ಅವರ ಉದಾಹರಣೆ ಹಿಡಿದು ಎಲ್ಲರನ್ನೂ ಉಳಿಸಿಕೊಳ್ಳಬೇಕೆಂದು ವಾದಿಸುವುದು ಸಲ್ಲ. ಉಳಿಸಿಕೊಂಡೂ ಮುಳುಗಿದ ತಂಡಗಳ ಹೆಸರನ್ನು ಯಾರೂ ನೆನಪಿಡುವುದಿಲ್ಲ. ಅಲ್ಲಿ ಗಮನಿಸಬೇಕಾದದ್ದು, ಉಳಿಸಿಕೊಂಡದ್ದರ ಜೊತೆಗೆ ಬೇರೆ ಏನೋ ಬದಲಾಯಿತು ಎಂಬುದನ್ನು.

ಹಾಗಾಗಿ ಸಮಿತಿಯ ಮುಂದೆ ತರಬೇತುದಾರರ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರು ಇರಲೇಬೇಕು. ಆ ಎರಡನೆಯ ಹೆಸರಿಲ್ಲದೆ ಮೊದಲನೆಯದನ್ನು ಅಳಿಸಬೇಡಿ. ಬರುವವರು ವಾರಕ್ಕೆ ಎಷ್ಟು ಸಂಜೆ ಸಿಗುತ್ತಾರೆ, ಮಡಗಾವ್ ಕಡೆಯಿಂದ ಬರುವವರಾದರೆ ಮಳೆಗಾಲದಲ್ಲೂ ಬರುತ್ತಾರೆಯೇ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಡಿ ಲೈಸನ್ಸ್‌ನಂಥ ಪ್ರಾಥಮಿಕ ಅರ್ಹತೆಯಾದರೂ ಇದೆಯೇ ಎಂದು ವಿಚಾರಿಸಿ. ಹೊಸಬರಿಗೆ ಕೊಡಲಿರುವ ಗೌರವಧನದ ಒಂದು ಪಾಲಿನಲ್ಲಿ ಇರುವವರನ್ನೇ ಆ ಲೈಸನ್ಸ್ ತರಬೇತಿಗೋ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ಪ್ರಮಾಣಪತ್ರ ತರಬೇತಿಗೋ ಕಳಿಸಲು ಸಾಧ್ಯವೇ ಎಂದೂ ಲೆಕ್ಕ ಹಾಕಿ. ದೈಹಿಕ ಶಿಕ್ಷಣ ನಿರ್ದೇಶಕರಿಗೆ ಆಟದ ಸೂಕ್ಷ್ಮ ತಿಳಿಯದು ಎಂಬುದೇ ದೂರಾಗಿದ್ದರೆ, ಊರಿನ ಹಳೆಯ ಆಟಗಾರರೊಬ್ಬರನ್ನು ವಾರಕ್ಕೆ ಎರಡು ಸಂಜೆ ಜೊತೆಗೆ ನಿಲ್ಲಿಸುವುದರಿಂದ ಯಾರ ಮಾನವೂ ಹೋಗುವುದಿಲ್ಲ.

ಕಾಯಬಾರದ ಸಂದರ್ಭಗಳು

ಮೇಲಿನ ತಾಳ್ಮೆಯೆಲ್ಲ ಸೋಲಿಗೆ ಮಾತ್ರ. ಹುಡುಗರ ಮೇಲೆ ಕೈ ಮಾಡುವುದು, ಊಟ ಮತ್ತು ಪ್ರಯಾಣ ಭತ್ಯೆಯ ಹಣ ಹುಡುಗರ ಕೈ ಸೇರದಿರುವುದು, ಓದುತ್ತಿಲ್ಲದವನನ್ನು ಸುಳ್ಳು ದಾಖಲೆಯಿಂದ ತಂಡಕ್ಕೆ ಸೇರಿಸುವುದು, ಗಾಯಗೊಂಡವನನ್ನು ನೋವುನಿವಾರಕ ಕೊಟ್ಟು ಆಡಿಸುವುದು, ಇವುಗಳಲ್ಲಿ ಒಂದು ಸಾಬೀತಾದರೂ ತಂಡ ಕಪ್ ಗೆದ್ದಿದ್ದರೂ ಆ ವ್ಯಕ್ತಿ ಮೈದಾನದಲ್ಲಿರಬಾರದು. ಲೈಂಗಿಕ ಕಿರುಕುಳದ ದೂರು ಬಂದರೆ ಅದು ಕ್ರೀಡಾ ಸಮಿತಿಯ ಮುಂದೆ ಬರುವ ವಿಷಯವೇ ಅಲ್ಲ. 2013ರ ಕಾಯ್ದೆಯಂತೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ಹೋಗಬೇಕು, ದೂರಿದವರು ಹದಿನೆಂಟು ತುಂಬದವರಾಗಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಪದವಿಯ ಮೊದಲ ವರ್ಷದಲ್ಲಿ ಹದಿನೇಳರವರೂ ಇರುತ್ತಾರೆಂಬುದನ್ನು ಮರೆಯಬೇಡಿ. ಸಂಸ್ಥೆಯ ಮರ್ಯಾದೆ ಹೋಗುತ್ತದೆಂದು “ಸೋಲಿನ ಕಾರಣ” ಬರೆದು ಸದ್ದಿಲ್ಲದೆ ಕಳಿಸುವುದು ಅಂಥ ತರಬೇತುದಾರರನ್ನು ಪಕ್ಕದ ತಾಲ್ಲೂಕಿನ ಕಾಲೇಜಿಗೆ ದಾಟಿಸಿದಂತೆ.

ಹೇಳುವ ಕ್ರಮ

ಗೊತ್ತು ಮಾಡಿದ ದಿನ ಮೊದಲು ತರಬೇತುದಾರರ ಮಾತು ಕೇಳಿ. ಮೂರು ಪ್ರಶ್ನೆ ಸಾಕು: ಈ ವರ್ಷ ಎಲ್ಲಿ ತಪ್ಪಿತು, ಮುಂದಿನ ವರ್ಷ ಏನನ್ನು ಬೇರೆ ರೀತಿ ಮಾಡುತ್ತೀರಿ, ಅದಕ್ಕೆ ನಮ್ಮಿಂದ ಏನು ಬೇಕು. ಮೊದಲನೆಯದಕ್ಕೆ ತಮ್ಮದೊಂದಾದರೂ ತಪ್ಪನ್ನು ಹೆಸರಿಸಲಾಗದೆ ರೆಫರಿ, ಮಳೆ ಮತ್ತು ಹುಡುಗರನ್ನಷ್ಟೇ ದೂರುವವರ ಬಗ್ಗೆ ನನಗೆ ಹೆಚ್ಚು ಆಸೆಯಿಲ್ಲ. ಉಳಿಸಿಕೊಳ್ಳುವುದಾದರೆ ಒಂದು ವರ್ಷದ ಗುರಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ. “ಫೈನಲ್ ತಲುಪಬೇಕು” ಎಂಬುದು ಗುರಿಯಲ್ಲ, ಹರಕೆ. ತಾಲೀಮಿನಲ್ಲಿ ಶೇಕಡಾ 70ರ ಹಾಜರಿ, ಆಗಸ್ಟ್‌ಗೆ ಮೊದಲು ನಾಲ್ಕು ಸ್ನೇಹಪಂದ್ಯ, ಕಾರ್ನರ್‌ಗಳಿಂದ ಬೀಳುವ ಗೋಲುಗಳು ಅರ್ಧಕ್ಕಿಳಿಯುವುದು, ಇಂಥವು ಗುರಿಗಳು. ಅದೇ ಕಾಗದದಲ್ಲಿ ಕಾಲೇಜು ಕೊಡಬೇಕಾದ್ದನ್ನೂ ಬರೆದು ಪ್ರಾಚಾರ್ಯರು ಸಹಿ ಹಾಕಲಿ.

ಬಿಡಿಸುವುದಾದರೆ ಎದುರು ಕೂರಿಸಿ ಹೇಳಿ, ಇಬ್ಬರಿಗಿಂತ ಹೆಚ್ಚು ಜನ ಬೇಡ. “ಸರ್, ಮುಂದಿನ ವರ್ಷ ತಂಡದ ಹೊಣೆಯನ್ನು ಬೇರೆಯವರಿಗೆ ಕೊಡಬೇಕೆಂದು ಸಮಿತಿ ತೀರ್ಮಾನಿಸಿದೆ” ಎಂಬ ವಾಕ್ಯವನ್ನು ಮೊದಲ ಎರಡು ನಿಮಿಷದೊಳಗೆ ಹೇಳಿಬಿಡಬೇಕು. ಚಹಾ ತರಿಸಿ, ಮನೆಯವರನ್ನೆಲ್ಲ ವಿಚಾರಿಸಿ, ಅರ್ಧ ಗಂಟೆ ಹೊಗಳಿ ಕೊನೆಗೆ ಅದನ್ನು ಹೇಳುವುದು ಕ್ರೂರ. ಬಾಕಿ ಗೌರವಧನದ ಚೆಕ್ ಮತ್ತು ಅನುಭವ ಪತ್ರ ಆ ದಿನವೇ ಸಿದ್ಧವಿರಲಿ. ಹುಡುಗರಿಗೆ ಸುದ್ದಿ ವಾಟ್ಸ್‌ಆ್ಯಪ್ ಗುಂಪಿನಿಂದ ತಿಳಿಯುವ ಮೊದಲು, ಅದೇ ಸಂಜೆ ಮೈದಾನದಲ್ಲಿ ಅವರಿಗೆ ತಾವೇ ಹೇಳುವ ಅವಕಾಶವನ್ನು ತರಬೇತುದಾರರಿಗೆ ಕೊಡಿ, ಅವರು ಬೇಡವೆಂದರೆ ಪ್ರಾಚಾರ್ಯರು ಹೇಳಲಿ. ಕ್ರೀಡಾ ಕೊಠಡಿಯ ಬೀಗದ ಕೈ, ಜರ್ಸಿ ಮತ್ತು ಚೆಂಡುಗಳ ಪಟ್ಟಿ, ಹಾಜರಿ ಪುಸ್ತಕ ಇವನ್ನು ಹೊಸಬರ ಎದುರಿನಲ್ಲೇ ಎಣಿಸಿ ಇಬ್ಬರಿಂದಲೂ ಸಹಿ ಪಡೆಯಿರಿ. ಹಾಜರಿ ಪುಸ್ತಕದ ಹಳೆಯ ಪುಟಗಳನ್ನು ಮಾತ್ರ ರದ್ದಿಗೆ ಹಾಕಬೇಡಿ. ಎರಡು ವರ್ಷದ ಬಳಿಕ ಯಾರಿಗೆ ಶಾಲು ಹೊದೆಸಬೇಕೆಂದು ನೋಡಲು ಅದು ಬೇಕಾಗುತ್ತದೆ.